ದೋಣಿಯಲ್ಲಿ ನಿಂತು ಮಾಡಿದ ಪಾಪನಿವೇದನೆ

ಪ್ರಿಯ ಗೆಳೆಯಾ,

ತೋಟದ ವ್ಯಾಜ್ಯವನ್ನು ದೇವರ ಪಾದಕ್ಕೆ ಹಾಕಿ ಸುಮ್ಮನಾಗಿದ್ದೇನೆ ಎಂದು ಬರೆದಿದ್ದೀಯ. ಅದೇ ಪತ್ರದ ಮುಂದಿನ ಪುಟದಲ್ಲಿ, ಇನ್ನು ಅಣ್ಣನ ಮುಖ ನೋಡುವುದಿಲ್ಲ ಎಂದೂ ಇದೆ. ತೋಟವನ್ನು ದೇವರಿಗೆ ಕೊಟ್ಟು ಸಿಟ್ಟನ್ನು ನಿನ್ನ ಹತ್ತಿರವೇ ಇಟ್ಟುಕೊಂಡೆಯಲ್ಲ, ಮಾರಾಯ! ಓದುತ್ತಿದ್ದಂತೆ ಸಂತ ಡೇಮಿಯನ್ ನೆನಪಾದರು.

ಬೆಲ್ಜಿಯಂನ ರೈತಾಪಿ ಮನೆಯ ಮಗ ಅವರು. ಧರ್ಮಪ್ರಚಾರಕ್ಕೆಂದು ಹವಾಯಿಗೆ ಹೋಗಬೇಕಿದ್ದವರು ಅವರ ಅಣ್ಣ. ಅಣ್ಣ ಟೈಫಸ್ ಜ್ವರ ಹಿಡಿದು ಮಲಗಿದ್ದರಿಂದ, ಇನ್ನೂ ಗುರುದೀಕ್ಷೆಯಾಗದ, ಅಂದರೆ ಪಾದ್ರಿಯಾಗಿರದ, ತಮ್ಮ ಹಟ ಹಿಡಿದು ಹಡಗು ಹತ್ತಿದರು. 1873ರ ಮೇ ತಿಂಗಳಲ್ಲಿ ಹವಾಯಿಯ ಮೊಲೊಕಾಯಿ ದ್ವೀಪದಲ್ಲಿ ಕಡಲಿಗೆ ಚಾಚಿದ ಒಂದು ನೆಲಕ್ಕೆ ಬಂದರು. ಒಂದು ಕಡೆ ಗೋಡೆಯಂತೆ ಎದ್ದ ಬೆಟ್ಟ, ಉಳಿದ ಕಡೆಯೆಲ್ಲ ಕಡಲು. ಕುಷ್ಠರೋಗ ಬಂದವರನ್ನು ಸರ್ಕಾರ ಅಲ್ಲಿ ತಂದು ಬಿಡುತ್ತಿತ್ತು. ಡೇಮಿಯನ್ ಗಾಯಗಳಿಗೆ ಪಟ್ಟಿ ಕಟ್ಟಿದರು, ಮನೆ ಕಟ್ಟಿದರು, ಶವಪೆಟ್ಟಿಗೆಗಳನ್ನು ತಾವೇ ಮಾಡಿದರು, ಗುಂಡಿ ತೋಡಿದರು. ಮರಮುಟ್ಟು, ನೀರಿನ ಕೊಳವೆ, ಬಟ್ಟೆ ಎಂದು ಆರೋಗ್ಯ ಮಂಡಳಿಯ ಬೆನ್ನು ಬಿಡಲಿಲ್ಲ. ಮುಂಗೋಪಿ, ಹಟಮಾರಿ ಎಂದು ಮೇಲಿನವರು ಗೊಣಗುತ್ತಿದ್ದರು. ನಿಜವೂ ಇರಬೇಕು. ದೇವರಿಗೆ ಬಿಟ್ಟಿದ್ದೇನೆ ಎಂದು ಕೈಕಟ್ಟಿ ಕೂತ ಮನುಷ್ಯನಂತೂ ಅವರಲ್ಲ.

ಹಾಗಾದರೆ ಅವರು ಒಪ್ಪಿಸಿದ್ದು ಏನನ್ನು? ಪ್ರಾಣವನ್ನು ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೊಂದು. ಅವರು ಬಂದ ಸ್ವಲ್ಪ ದಿನಕ್ಕೇ, ಆ ನೆಲ ಬಿಟ್ಟು ಹೊರಗೆ ಹೋಗಕೂಡದು ಎಂಬ ಆಜ್ಞೆಯಾಯಿತು. ಇತರರಿಗೆ ಪಾಪಕ್ಷಮೆ ನೀಡುವ ಗುರುವಿಗೆ ತನ್ನ ಪಾಪ ಹೇಳಿಕೊಳ್ಳಲು ಇನ್ನೊಬ್ಬ ಗುರು ಬೇಕಲ್ಲ. ಒಮ್ಮೆ ಅವರ ಮೇಲಧಿಕಾರಿ ಹಡಗಿನಲ್ಲಿ ಬಂದರು. ಕಪ್ತಾನ ಅವರನ್ನು ಇಳಿಯಗೊಡಲಿಲ್ಲ, ಡೇಮಿಯನ್ನರನ್ನು ಹತ್ತಗೊಡಲಿಲ್ಲ. ಆಗ ಡೇಮಿಯನ್ ದೋಣಿಯಲ್ಲಿ ನಿಂತು, ಹಡಗಿನ ಅಂಚಿನಲ್ಲಿದ್ದ ಗುರುವಿಗೆ ತನ್ನ ಪಾಪಗಳನ್ನು ಫ್ರೆಂಚ್ ಭಾಷೆಯಲ್ಲಿ ಕೂಗಿ ಹೇಳಿದರು. ಮೇಲಿದ್ದವರಲ್ಲಿ ಎಷ್ಟು ಮಂದಿಗೆ ಅರ್ಥವಾಯಿತೋ! ಚರ್ಚಿನಲ್ಲಿ ಗುರುವಿನ ಮುಂದೆ ಜಾಲರಿಯ ಹಿಂದೆ ಮೊಣಕಾಲೂರಿ ಪಿಸುಗುಟ್ಟುವುದಕ್ಕೇ ನಮಗೆ ನಾಚಿಕೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಕೊನೆಯ ವಾರದವರೆಗೆ ಮುಂದೂಡುತ್ತೇವೆ. ಮಾನವನ್ನು ಹಾಗೆ ಕಡಲ ಮೇಲೆ ಬಿಟ್ಟುಕೊಟ್ಟವರಿಗೆ ಇನ್ನು ಉಳಿಸಿಕೊಳ್ಳಲು ಏನಿತ್ತು?

'ಕುಷ್ಠರೋಗಿಗಳ ನಡುವೆ ನಾನೂ ಕುಷ್ಠರೋಗಿಯಾಗುತ್ತೇನೆ' ಎಂಬರ್ಥದಲ್ಲಿ ಅವರು ಅಣ್ಣನಿಗೆ ಬರೆದದ್ದು ಮೈ ಗಟ್ಟಿಮುಟ್ಟಾಗಿದ್ದ 1873ರಲ್ಲೇ. ರೋಗ ಕಾಣಿಸಿಕೊಂಡದ್ದು ಸುಮಾರು ಹತ್ತು ವರ್ಷದ ಮೇಲೆ. ಅದರ ಜೊತೆಗೆ, ನಡತೆಗೆಟ್ಟು ಬಂದ ರೋಗ ಎಂಬ ಗುಸುಗುಸು ಬೇರೆ. 1889ರ ಏಪ್ರಿಲ್ 15ರಂದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಸಾವಿನ ಮೇಲೂ ಅಪವಾದ ನಿಲ್ಲಲಿಲ್ಲ. ಸಂತ ಪದವಿ ಬಂದದ್ದು 2009ರಲ್ಲಿ.

ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ 'ನನ್ನ ಚಿತ್ತವಲ್ಲ, ನಿನ್ನ ಚಿತ್ತವೇ ಆಗಲಿ' ಎಂದ ಪ್ರಭು ಯೇಸು, ಅದಕ್ಕೆ ಮೊದಲು 'ಈ ಪಾತ್ರೆಯನ್ನು ನನ್ನಿಂದ ತೊಲಗಿಸು', ಅಂದರೆ ಈ ಸಂಕಟ ಬೇಡ, ಎಂದೂ ಬೇಡಿದ್ದರು. ಆದ್ದರಿಂದ ತೋಟದ ಪಾಲು ಬೇಕು ಎಂದು ನೀನು ಕೇಳುವುದರಲ್ಲಿ ತಪ್ಪಿಲ್ಲ. ವಕೀಲರ ಹತ್ತಿರ ಹೋಗು, ಪತ್ರಗಳನ್ನು ತೋರಿಸು, ನ್ಯಾಯ ಕೇಳು. ಆದರೆ 'ನಾನೇಕೆ ಮೊದಲು ಮಾತನಾಡಲಿ' ಎನ್ನುತ್ತಿದ್ದೀಯಲ್ಲ, ದೇವರು ನಿನ್ನಿಂದ ಕೇಳುತ್ತಿರುವುದು ಅದನ್ನೇ ಎಂದು ನನ್ನ ಗುಮಾನಿ.

ಭಾನುವಾರ ಪೂಜೆ ಮುಗಿಸಿ ನನಗೆ ಫೋನ್ ಮಾಡುತ್ತೇನೆ ಎಂದಿದ್ದೀಯ. ಮೊದಲು ಅಣ್ಣನಿಗೆ ಮಾಡು. ನಾನು ಕಾಯುತ್ತೇನೆ.

ನಿನ್ನ ಗೆಳೆಯ