ಅರ್ಧಕ್ಕೆ ನಿಂತ ವಿಮಾನ ಕೊಳ್ಳುವ ಮುನ್ನ

ಗೆಳೆಯರೇ, ಬೇರೆಯವರು ತಾವೇ ಮನೆಯಲ್ಲಿ ಅರ್ಧ ಕಟ್ಟಿ ಬಿಟ್ಟ ಪುಟ್ಟ ವಿಮಾನ ನೋಡಲು ಹೋದರೆ ಮೊದಲು ಕಟ್ಟಿದ ಕಾಲದ ಲಾಗ್ ಪುಸ್ತಕ, ಫೋಟೋ ಕೇಳಿ. ಅವಿಲ್ಲದಿದ್ದರೆ ಮುಚ್ಚಿಹೋದ ಭಾಗದೊಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ, ಮುಂದೆ ಕಾಗದಪತ್ರಕ್ಕೂ ತೊಂದರೆ.

ಹೊಳೆಯುವ ಬಣ್ಣಕ್ಕೆ ಮರುಳಾಗಬೇಡಿ. ಲೋಹದ ವಿಮಾನವಾದರೆ ಟಾರ್ಚು, ಪುಟ್ಟ ಕನ್ನಡಿ ಹಿಡಿದು ರೆಕ್ಕೆಯ ಸ್ಪಾರ್ (ರೆಕ್ಕೆಯ ಭಾರ ಹೊರುವ ಉದ್ದನೆಯ ತೊಲೆ) ನೋಡಿ. ರಿವೆಟ್ (ತಗಡುಗಳನ್ನು ಬಡಿದು ಜೋಡಿಸುವ ಲೋಹದ ಮೊಳೆ) ಅಳೆಯಿರಿ: ಬಡಿದ ತಲೆಯ ಅಗಲ ರಿವೆಟ್ ಕಡ್ಡಿಯ ದಪ್ಪದ ಸುಮಾರು 1.5 ಪಟ್ಟು, ಎತ್ತರ ಅದೇ ದಪ್ಪದ ಅರ್ಧದಷ್ಟು ಇರಬೇಕು. ಒಂದೆರಡು ಕೆಟ್ಟಿದ್ದರೆ ಬದಲಿಸಬಹುದು. ಸ್ಪಾರ್‌ನಲ್ಲೇ ತೂತು ಅಂಚಿಗೆ ತೀರಾ ಹತ್ತಿರ ಬಿದ್ದಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ನಾನಂತೂ ಮುಟ್ಟುವುದಿಲ್ಲ.

ವರ್ಷಗಟ್ಟಲೆ ಸುಮ್ನೆ ಕೂತ ಎಂಜಿನ್ ಒಳಗೆ ತುಕ್ಕು ಹಿಡಿದಿರಬಹುದು. ಬೋರ್‌ಸ್ಕೋಪ್ (ಎಂಜಿನ್ ಒಳಗೆ ಇಳಿಸಿ ನೋಡುವ ಪುಟ್ಟ ಕ್ಯಾಮೆರಾ) ಹಾಕಿ ನೋಡದೆ ಬೆಲೆ ಮಾತಾಡಬೇಡಿ.

'ಇನ್ನೇನು ಸ್ವಲ್ಪವೇ ಕೆಲಸ' ಅನ್ನುತ್ತಾರಲ್ವಾ? ಆ ಸ್ವಲ್ಪದಲ್ಲೇ ವೈರಿಂಗ್, ಎಂಜಿನ್ ಜೋಡಣೆ ಎಲ್ಲಾ ಇರುತ್ತದೆ!