ಚೀಲ ಹೋಯಿತು, ಸಾಲ ಉಳಿಯಿತು

ಕರುಳಿನ ಆಪರೇಷನ್ ಆದಾಗ ಮಲ ಸೇರಲೆಂದು ಹೊಟ್ಟೆ ಮೇಲೆ ಹಾಕಿದ್ದ ಚೀಲ ಹೋಗಿ ಇವತ್ತಿಗೆ ಒಂದು ತಿಂಗಳು. ಆಪರೇಷನ್ ಕಥೆ ಪೂರ್ತಿ ಹೇಳಿ ತಲೆ ತಿನ್ನುವುದಿಲ್ಲ, ಇದು ಥ್ಯಾಂಕ್ಸ್ ಹೇಳುವುದಕ್ಕೆ.

ಮೊದಲು ಡಾಕ್ಟರ್. ನನ್ನ ಮಲಬದ್ಧತೆಗೆ 31 ವರ್ಷ ಎಲ್ಲರೂ ಹೇಳಿದ್ದು ಒಂದೇ, ನೀರು ಜಾಸ್ತಿ ಕುಡಿ. ಇವರು ಮಾತ್ರ ಅಮ್ಮನ ಕಡೆ ತಿರುಗಿ, ‘ಹುಟ್ಟಿದಾಗ ಮೊದಲ ಸಲ ಕಕ್ಕ ಮಾಡಿದ್ದು ಯಾವಾಗ?’ ಎಂದರು. ಅಮ್ಮನಿಗೆ ಥಟ್ಟನೆ ನೆನಪಾಯಿತು: ಮೂರನೇ ದಿನ, ಅಷ್ಟು ತಡವಾಗಿ. ಅಲ್ಲಿಂದ ಗುದದೊಳಗೆ ಪುಟ್ಟ ಬಲೂನ್ ಉಬ್ಬಿಸಿ ನೋಡುವ ಟೆಸ್ಟ್, ಕರುಳಿನ ಚೂರು ತೆಗೆದು ನೋಡುವ ಬಯಾಪ್ಸಿ. ಕರುಳಿನ ಕೊನೆ ತುಂಡಿನಲ್ಲಿ, ಮಲವನ್ನು ಮುಂದೆ ತಳ್ಳಿಸುವ ನರಕೋಶಗಳೇ ಇರಲಿಲ್ಲ. ಹಿರ್ಷ್‌ಸ್ಪ್ರಂಗ್ ಅಂತೆ. ಸುಮಾರು 5,000 ಮಕ್ಕಳಲ್ಲಿ ಒಂದಕ್ಕೆ ಬರುವ, ಹೆಚ್ಚಾಗಿ ಎಳೆಗೂಸಿನಲ್ಲೇ ಸಿಕ್ಕಿಬೀಳುವ ಕಾಯಿಲೆ. ನನ್ನದು ಗಿಡ್ಡ ತುಂಡು, ಅದಕ್ಕೇ ಇಷ್ಟು ವರ್ಷ ಕಣ್ಣು ತಪ್ಪಿಸಿಕೊಂಡಿತ್ತು.

ಅಮ್ಮ, ಇದು ನಿನ್ನ ತಪ್ಪಲ್ಲ. ನಾನು ಹೊಟ್ಟೆಯಲ್ಲಿದ್ದಾಗಲೇ ಆ ಕೋಶಗಳು ಕೆಳಗಿನವರೆಗೆ ಇಳಿದು ಬರಲಿಲ್ಲ, ಅಷ್ಟೇ.

ಈಗ ಭಾವ. ಅಕ್ಕನ ಮದುವೆಯಾಗಿ 9 ವರ್ಷ. ನಮ್ಮಿಬ್ಬರ ಮಾತು ‘ಆರಾಮಾ?’, ‘ಹ್ಞೂಂ ಭಾವ’ ದಾಟಿದ್ದೇ ಇಲ್ಲ. ಆಪರೇಷನ್ ಆದ ನಾಲ್ಕನೇ ರಾತ್ರಿ ಅಕ್ಕನನ್ನು ಮನೆಗೆ ಕಳಿಸಿ ಅವರೇ ಉಳಿದರು. ಎರಡೂವರೆ ಗಂಟೆಗೆ ಚೀಲ ಬಿಟ್ಟುಕೊಂಡಿತು. ಹಾಸಿಗೆ, ಬಟ್ಟೆ, ಹೊಲಿಗೆ ಎಲ್ಲ ಗಲೀಜು. ನರ್ಸ್ ಇನ್ನೊಂದು ಬೆಡ್ ಹತ್ತಿರ ಓಡಿದ್ದರು. ನಾನು ಗೋಡೆ ಕಡೆ ಮುಖ ಮಾಡಿ ಅತ್ತುಬಿಟ್ಟೆ. ನೋವಿಗಲ್ಲ. ಶಾಲೆಯ ದಿನಗಳಿಂದ ಬಚ್ಚಿಟ್ಟ ನಾಚಿಕೆಯೆಲ್ಲ ಒಬ್ಬರ ಕಣ್ಣೆದುರು ಹರಡಿತ್ತು. ಸತ್ತರೇ ವಾಸಿ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಭಾವ ಅಂಗಿ ತೋಳು ಮಡಚಿದರು. ತಮ್ಮ ಟವೆಲ್ ಒದ್ದೆ ಮಾಡಿ ಒರೆಸಿದರು. ಮೂಗು ಮುಚ್ಚಲಿಲ್ಲ, ‘ಪಾಪ’ ಎನ್ನಲಿಲ್ಲ. ‘31 ವರ್ಷ ಕೂಡಿಟ್ಟಿದ್ದನ್ನ ಒಂದೇ ರಾತ್ರಿ ಖರ್ಚು ಮಾಡ್ತಿದೀಯಲ್ಲೋ’ ಎಂದರು. ನಗು ಬಂತು. ನಕ್ಕರೆ ಹೊಲಿಗೆ ಎಳೆಯುತ್ತದೆ, ಅಳುತ್ತಲೇ ಬೈದೆ. ನರ್ಸ್ ಬಂದು ಹೊಸ ಚೀಲ ಹಾಕುವಾಗ ಪಕ್ಕದಲ್ಲೇ ನಿಂತು ಕಲಿತರು. ಆಮೇಲೆ ವಾರಗಟ್ಟಲೆ ಅವರೇ ಬದಲಾಯಿಸಿದ್ದು.

ಅಕ್ಕ, ನರ್ಸ್‌ಗಳು, ರಕ್ತ ಕೊಟ್ಟವರು, ನನ್ನ ಕೆಲಸ ಹಂಚಿಕೊಂಡ ಆಫೀಸಿನವರು, ನಿಮಗೆಲ್ಲ ತುಂಬಾ ಥ್ಯಾಂಕ್ಸ್.

ಭಾವ, ಆ ಟವೆಲ್ ವಾಪಸ್ ಕೇಳಬೇಡಿ. ಹೊಸದು ತಂದಿದ್ದೇನೆ.