ನೇತ್ರಾಣಿಯಲ್ಲಿ ಮುಳುಗಿದವರು ಅಂದೇ ಘಾಟಿ ಹತ್ತಬೇಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಕಳೆದು ಕಡಲು ತಿಳಿಯಾಯಿತೆಂದರೆ ಹಾಸನ, ಚಿಕ್ಕಮಗಳೂರಿನಿಂದ ಮುರುಡೇಶ್ವರಕ್ಕೆ ಹೊರಡುವ ಕಾರು, ಟೆಂಪೊ ಟ್ರಾವೆಲರ್‌ಗಳು ಹೆಚ್ಚುತ್ತವೆ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ಹೋದರೆ ನೇತ್ರಾಣಿ ದ್ವೀಪ. ಹೈಸ್ಕೂಲು ಓದುವ ಮಗನೋ ಮಗಳೋ ಅಪ್ಪ-ಅಮ್ಮನ ಜೊತೆ ಸ್ಕೂಬಾ ಡೈವಿಂಗ್ ಕಲಿಯುವುದು ಈಗ ಅಪರೂಪವಲ್ಲ. ಸಂತೋಷವೇ. ಆದರೆ ‘ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಗಾಗುವಷ್ಟರಲ್ಲಿ ಮನೆಗೆ’ ಎಂಬ ಪ್ಯಾಕೇಜುಗಳಲ್ಲಿ, ಘಟ್ಟದ ಮೇಲಿನವರಾದ ನಮಗೆ ಅಗತ್ಯವಾಗಿ ಹೇಳಬೇಕಾದ ಮಾತೊಂದು ಬಿಟ್ಟುಹೋಗಿದೆ. ಕಡಲಲ್ಲಿ ಮುಳುಗಿ ಎದ್ದವರು ಅದೇ ರಾತ್ರಿ ಶಿರಾಡಿ, ಚಾರ್ಮಾಡಿ ಹತ್ತಬಾರದು.

ಕಾರಣ ಮುಳುಗುವವರು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರಿನಲ್ಲೇ ಇದೆ. ಪತ್ರಿಕೆಗಳೂ ಸೇರಿದಂತೆ ಎಲ್ಲರೂ ಅದನ್ನು ಆಮ್ಲಜನಕದ ಸಿಲಿಂಡರ್ ಎಂದೇ ಬರೆಯುತ್ತಾರೆ. ಶುದ್ಧ ಆಮ್ಲಜನಕ 6 ಮೀಟರ್‌ಗಿಂತ ಕೆಳಗೆ ವಿಷವಾಗಿ ಫಿಟ್ಸ್ ತರಬಲ್ಲದು. ಅದನ್ನು ಕೊಟ್ಟು ಯಾರೂ ಮಕ್ಕಳನ್ನು ಇಳಿಸುವುದಿಲ್ಲ. ಒಳಗಿರುವುದು ನಾವು ಉಸಿರಾಡುವ ಇದೇ ಗಾಳಿ, ಸುಮಾರು 200 ಬಾರ್, ಅಂದರೆ ಹೊರಗಿನ ಗಾಳಿಯ ಸುಮಾರು 200 ಪಟ್ಟು ಒತ್ತಡಕ್ಕೆ ತುಂಬಿದ್ದು. ಅದರಲ್ಲಿ ಶೇ 78ರಷ್ಟು ಸಾರಜನಕ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟಾಗುವುದರಿಂದ ಈ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಹೆಚ್ಚು ಕರಗುತ್ತದೆ. ಮೇಲೆ ಬಂದಾಕ್ಷಣ ಅದೆಲ್ಲ ಹೋಗಿಬಿಡುವುದಿಲ್ಲ. ಗಂಟೆಗಟ್ಟಲೆ ಉಸಿರಿನೊಂದಿಗೆ ಸ್ವಲ್ಪಸ್ವಲ್ಪವೇ ಹೊರಬೀಳುತ್ತದೆ. ಅಷ್ಟರೊಳಗೆ ಹೊರಗಿನ ಒತ್ತಡ ಇನ್ನೂ ಇಳಿದರೆ, ಗೋಲಿ ಸೋಡಾ ಒಡೆದಾಗಿನಂತೆ ಗುಳ್ಳೆ ಏಳುತ್ತದೆ, ಅದೂ ಮೈಯೊಳಗೆ.

ಡೈವಿಂಗ್ ಆದಮೇಲೆ ವಿಮಾನ ಹತ್ತಬೇಡಿ ಎಂದು ತರಬೇತುದಾರರು ಹೇಳುತ್ತಾರೆ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನದ ಡೈವ್ ಆದರೆ ಕನಿಷ್ಠ 18 ಗಂಟೆ. ನಮಗೆಲ್ಲಿಯ ವಿಮಾನ ಎಂದು ನಮ್ಮವರು ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಆ ಲೆಕ್ಕ ಹಾಕಿರುವುದು ಸುಮಾರು 600ರಿಂದ 2,400 ಮೀಟರ್ ಎತ್ತರದ ಗಾಳಿಯ ಒತ್ತಡಕ್ಕೆ. ಹಾಸನ ಇರುವುದೇ 900 ಮೀಟರ್‌ಗಿಂತ ಮೇಲೆ, ಚಿಕ್ಕಮಗಳೂರು 1,000 ಮೀಟರ್‌ಗಿಂತ ಮೇಲೆ. ಕಡಲ ತಡಿಗಿಂತ ಒತ್ತಡ ಹತ್ತರಲ್ಲೊಂದು ಪಾಲು ಕಡಿಮೆ. ಮುಳ್ಳಯ್ಯನಗಿರಿಯಂತೂ 1,900 ಮೀಟರ್ ದಾಟುತ್ತದೆ. ಒಮ್ಮೆ ಮಾತ್ರ ಹತ್ತು ಮೀಟರ್‌ಗೆ ಇಳಿದು ಬಂದವರಿಗೆ ಅಪಾಯ ಕಡಿಮೆ, ನಿಜ. ಎರಡು ದಿನದಲ್ಲಿ ನಾಲ್ಕು ಡೈವ್ ಮಾಡಿ ಸರ್ಟಿಫಿಕೇಟ್ ಪಡೆಯುವವರಿಗೆ ಹಾಗಲ್ಲ.

ಇದಕ್ಕೆ ಪರಿಹಾರ ಸುಲಭ. ಕರಾವಳಿಯ ರಸ್ತೆಯಲ್ಲಿ ಕಳೆದ ಹೊತ್ತೂ ಈ ಲೆಕ್ಕಕ್ಕೆ ಸೇರುತ್ತದೆ, ಏಕೆಂದರೆ ಅದು ಸಮುದ್ರಮಟ್ಟದಲ್ಲೇ ಇದೆ. ಭಾನುವಾರ ಮಧ್ಯಾಹ್ನ 1ಕ್ಕೆ ಕೊನೆಯ ಡೈವ್ ಮುಗಿಸಿದವರು ಸಂಜೆ ಹೊರಟು ಉಜಿರೆಯಲ್ಲೋ ಧರ್ಮಸ್ಥಳದಲ್ಲೋ ರಾತ್ರಿ ತಂಗಲಿ. ಮಂಜುನಾಥನ ದರ್ಶನವೂ ಆಯಿತು. ಸೋಮವಾರ ಬೆಳಿಗ್ಗೆ 7ರ ಮೇಲೆ ಘಾಟಿ ಹತ್ತಿದರೆ 18 ಗಂಟೆ ಕಳೆದಿರುತ್ತದೆ. ಮಕ್ಕಳಿಗೆ ಒಂದು ದಿನದ ಶಾಲೆ ತಪ್ಪುತ್ತದೆ, ತಪ್ಪಲಿ. ಟ್ರಾವೆಲ್ಸ್‌ನವರು ಇದನ್ನು ಟಿಕೆಟಿನ ಮೇಲೆಯೇ ಅಚ್ಚು ಹಾಕಿಸಬೇಕು, ಪ್ರವಾಸೋದ್ಯಮ ಇಲಾಖೆ ಹಾಕಿಸುವಂತೆ ಮಾಡಬೇಕು.

ಮನೆಗೆ ಬಂದ ಮೇಲೆ ಭುಜ, ಮೊಣಕೈ, ಮಂಡಿ ನೋವು, ಜೋಮು, ಚರ್ಮದ ಮೇಲೆ ಮಚ್ಚೆ, ತಲೆಸುತ್ತು, ವಿಪರೀತ ಸುಸ್ತು ಕಂಡರೆ ‘ಈಜಿ ಮೈಕೈ ನೋವು’ ಎಂದು ಮಾತ್ರೆ ನುಂಗಿಸಿ ಮಲಗಿಸಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ದು, ಎಷ್ಟು ಹೊತ್ತಿಗೆ ಎಷ್ಟು ಆಳಕ್ಕೆ ಇಳಿದಿದ್ದರು ಎಂದು ವೈದ್ಯರಿಗೆ ಮೊದಲೇ ತಿಳಿಸಿ. ಆಮ್ಲಜನಕ ನಿಜಕ್ಕೂ ಬೇಕಾಗುವುದು ಆಗ.

ಇನ್ನು ಕಲಿಕೆಯ ವಿಚಾರ. ಡೈವಿಂಗ್ ಸರ್ಟಿಫಿಕೇಟ್ ಕೊಡುವ ಪ್ಯಾಡಿ ಸಂಸ್ಥೆಯ ನಿಯಮದಂತೆ 10 ವರ್ಷಕ್ಕೆ ಜೂನಿಯರ್ ಕೋರ್ಸ್ ಸೇರಬಹುದು. 10-11ರ ಮಕ್ಕಳಿಗೆ 12 ಮೀಟರ್, 12ರಿಂದ 14ರವರಿಗೆ 18 ಮೀಟರ್ ಮಿತಿ. ಜೊತೆಗೆ ಸರ್ಟಿಫಿಕೇಟ್ ಇರುವ ದೊಡ್ಡವರು ಇರಲೇಬೇಕು. ತಡೆಯಿಲ್ಲದೆ 200 ಮೀಟರ್ ಈಜಬೇಕು, ಅಂದರೆ 25 ಮೀಟರ್ ಕೊಳದಲ್ಲಿ ಎಂಟು ಉದ್ದ. ಜೊತೆಗೆ 10 ನಿಮಿಷ ತೇಲಬೇಕು. ಅಪ್ಪ-ಮಗಳು ಒಂದೇ ದಿನ ಪಾಸಾದರೆ ಕಾಗದದ ಮೇಲೆ ಅಪ್ಪನೇ ದೊಡ್ಡವರು. ನೀರೊಳಗೆ ಇಬ್ಬರೂ ಹೊಸಬರೇ. ಮಗಳ ಮೇಲೆಯೇ ಕಣ್ಣಿಟ್ಟ ಅಪ್ಪ ಸಿಲಿಂಡರಿನಲ್ಲಿ ಉಳಿದ ಗಾಳಿ ತೋರಿಸುವ ತನ್ನ ಗೇಜ್ ನೋಡುವುದನ್ನೇ ಮರೆಯುತ್ತಾರೆ. ಹಾಗಾಗಿ ಮೊದಲ ಕೆಲವು ಡೈವ್‌ಗಳಿಗೆ ಅನುಭವಿ ಮೂರನೆಯವರು ಜೊತೆಗಿರಲಿ. ಗೇಜ್ 100 ಬಾರ್‌ಗೆ ಇಳಿದಾಗ ಒಬ್ಬರಿಗೊಬ್ಬರು ತೋರಿಸಿ ಹಿಂತಿರುಗಬೇಕು. 5 ಮೀಟರ್‌ನಲ್ಲಿ ಮೂರು ನಿಮಿಷ ನಿಂತು ಮೇಲೆ ಬಂದಾಗಲೂ 50 ಬಾರ್ ಉಳಿದಿರಬೇಕು.

ನೀರಿಗಿಳಿಯುವ ಮುನ್ನ ಗೇಜಿನ ಮುಳ್ಳನ್ನು ನೋಡುತ್ತಾ ರೆಗ್ಯುಲೇಟರಿನಲ್ಲಿ (ಬಾಯಿಗೆ ಗಾಳಿ ಕೊಡುವ ಸಾಧನ) ನಾಲ್ಕೈದು ಸಲ ಉಸಿರೆಳೆಯಿರಿ. ಮುಳ್ಳು ಕದಲಬಾರದು. ಪ್ರತಿ ಉಸಿರಿಗೂ ಕುಸಿದು ಮತ್ತೆ ಏರುತ್ತಿದ್ದರೆ ವಾಲ್ವ್ ಪೂರ್ತಿ ತೆರೆದಿಲ್ಲವೆಂದೇ ಅರ್ಥ. ದೋಣಿಯ ಮೇಲೆ ಸಾಕೆನಿಸಿದ ಗಾಳಿ ಹತ್ತು ಮೀಟರ್ ಕೆಳಗೆ ಸಾಲುವುದಿಲ್ಲ.

ಕಿವಿಯ ತೊಂದರೆ ಮೊದಲ ಕೆಲವು ಮೀಟರ್‌ಗಳಲ್ಲೇ ಹೆಚ್ಚು. ನೀರಿನ ಮೇಲಿರುವಾಗಲೇ ಒಮ್ಮೆ ಮೂಗು ಹಿಡಿದು ಮೆಲ್ಲಗೆ ಊದಬೇಕು. ಇಳಿಯುವಾಗ ಅರ್ಧ-ಒಂದು ಮೀಟರಿಗೊಮ್ಮೆ, ನೋವು ಬರುವ ಮೊದಲೇ. ಕಿವಿ ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ನೋಡಿ. ಒತ್ತಿ ಊದಿದರೆ ಒಳಕಿವಿಗೇ ಪೆಟ್ಟು, ಊದದೆ ಇಳಿದರೆ ತಮಟೆ ಹರಿಯಬಹುದು. ನೆಗಡಿಯಿದ್ದರೆ ಆ ದಿನ ಬೇಡ. ಮೂಗಿಗೆ ಹನಿ ಹಾಕಿಕೊಂಡು ಇಳಿದರೆ ಔಷಧಿಯ ಪರಿಣಾಮ ಕೆಳಗಿರುವಾಗಲೇ ಇಳಿದು, ಮೇಲೆ ಬರುವಾಗ ಕಿವಿ ಕಟ್ಟುತ್ತದೆ. ಆಸ್ತಮಾ ಇದ್ದರೆ ಫಾರಂನಲ್ಲಿ ಮುಚ್ಚಿಡದೆ ವೈದ್ಯರ ಸಹಿ ತನ್ನಿ.

ಹೊಳೆ, ಕೆರೆಗಳಲ್ಲಿ ಈಜು ಕಲಿತ ನಮ್ಮ ಮಕ್ಕಳಿಗೆ ಮುಳುಗಿದ ಕೂಡಲೇ ಉಸಿರು ಕಟ್ಟುವ ಅಭ್ಯಾಸ. ಸಿಲಿಂಡರಿನ ಗಾಳಿ ಎಳೆದವರಿಗೆ ಅದೇ ಅಪಾಯ: ಒಂದೂವರೆ ಮೀಟರಿನಿಂದ ಉಸಿರು ಕಟ್ಟಿಕೊಂಡು ಮೇಲೆ ಬಂದರೂ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ಈ ಅಭ್ಯಾಸವನ್ನು ಈಜುಕೊಳದಲ್ಲೇ ಬಿಡಿಸಬೇಕು.

ಕಲಿತು ಬಂದ ಹುಡುಗರು ಮೊದಲು ಕೇಳುವುದು ಶೆಟ್ಟಿಹಳ್ಳಿಯ ಮುಳುಗುವ ಚರ್ಚನ್ನು. ಹೇಮಾವತಿ ಜಲಾಶಯ ತುಂಬಿದಾಗ ನೀರು ಕೆಂಪು, ಚಾಚಿದ ಕೈ ಕಾಣದು. ಗೋಡೆಗಳು ಶಿಥಿಲ, ಹಿನ್ನೀರಿನಲ್ಲಿ ಮೀನು ಬಲೆ. ಮೇಲಾಗಿ ಅದು ಸುಮಾರು 890 ಮೀಟರ್ ಎತ್ತರದ ನೀರು, ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂಬ ಕಡಲಿನ ಕೋಷ್ಟಕ ಅಲ್ಲಿಗೆ ಹಾಗೆಯೇ ಹೊಂದುವುದಿಲ್ಲ. ದಡದಿಂದಲೇ ನೋಡಲಿ.

– ಡೈವಿಂಗ್ ಬಲ್ಲ ಓದುಗರು, ಹಾಸನ